ಪರದೇಶಿಯ ವ್ಯಾಪಾರ

ನಮ್ಮ ಮಾತಿನಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ದಿಕ್ಕುದೆಸೆಯಿಲ್ಲದವನು ಎಂಬುದು ಇನ್ನೊಂದು. ಕುಷ್ಟಗಿಯ ಸಂತೆಯಲ್ಲಿ ಯಾರಾದರೊಬ್ಬರು ‘ಪಾಪ, ಅಂವ ಪರದೇಶಿ ಆಗ್ಯಾನ್ರೀ’ ಎಂದರೆ, ಆತ ಪ್ಯಾರಿಸ್ಸಿನಿಂದ ಇಳಿದು ಬಂದನೆಂದು ತಾವು ಯಾರೂ ಭಾವಿಸುವುದಿಲ್ಲ. ಆತನ ಮನೆಮಾರು ಹೋಯಿತು, ಕೇಳುವವರಿಲ್ಲದಂತಾಯಿತು ಎಂದೇ ತಿಳಿಯುತ್ತೀರಿ. ದೂರದ ನಾಡೂ ದಿಕ್ಕೇಡಿತನವೂ ಒಂದೇ ಶಬ್ದದಲ್ಲಿ ಹೇಗೆ ಬಂದು ಕೂಡಿಕೊಂಡವು ಎಂಬುದನ್ನು ವಿದ್ವಾಂಸರು ಬಿಡಿಸಿ ಹೇಳಬೇಕಾಗಿಲ್ಲ. ಊರು ಬಿಟ್ಟು ಹೋದವರಿಗೆಲ್ಲ ಅದು ಗೊತ್ತು.

ಈ ಹೊತ್ತು ತಮ್ಮೊಡನೆ ಈ ಶಬ್ದವನ್ನೇ ಹಿಡಿದುಕೊಂಡು ಒಂದಿಷ್ಟು ಮಾತನಾಡಬೇಕೆಂದಿದ್ದೇನೆ. ಕಾರಣವಿಷ್ಟೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಗಳಿಂದ ಇಂಜಿನಿಯರಿಂಗ್ ಓದಿದ ಹುಡುಗರೂ ಹುಡುಗಿಯರೂ ಈಗ ಯುರೋಪಿಗೆ ಹೋಗುತ್ತಿದ್ದಾರೆ. ಓದಲು ಹೋಗುವುದು, ನೌಕರಿಗೆ ಹೋಗುವುದು ನಮಗೆ ಅಷ್ಟಾಗಿ ಹೊಸದಲ್ಲ. ಹೊಸದಾದುದು ಯಾವುದೆಂದರೆ, ‘ಅಲ್ಲೇ ಒಂದು ಕಂಪನಿ ತೆಗೀತೀನಿ’ ಎಂಬ ಮಾತು. ಈ ಮಾತು ದೂರವಾಣಿಯಲ್ಲಿ ಕೇಳಿಬಂದ ದಿನ ತಂದೆಗೆ ಹೆಮ್ಮೆಯಾಗುತ್ತದೆ. ಮರುದಿನ ಹೊಲದ ಪಹಣಿ ಪತ್ರ ಎಲ್ಲಿದೆಯೆಂದು ಹುಡುಕುವ ಪ್ರಸಂಗ ಬರುತ್ತದೆ. ಹಾಗೆ ಹುಡುಕುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ನಾನು ಕನ್ನಡ ಪಂಡಿತನಾದುದರಿಂದ ಮೊದಲು ಹಳೆಯದನ್ನೇ ಹೇಳುತ್ತೇನೆ. ತಾವು ಸೈರಿಸಿಕೊಳ್ಳಬೇಕು.

ಕುಷ್ಟಗಿಯ ಗಡಿ ದಾಟಿ ಹುನಗುಂದದ ಸೀಮೆಗೆ ಹೋದರೆ ಐಹೊಳೆ ಸಿಕ್ಕುತ್ತದೆ. ಅಲ್ಲಿಯ ಗುಡಿಗಳನ್ನು ತಾವು ನೋಡಿಯೇ ಇದ್ದೀರಿ. ಆದರೆ ಮಧ್ಯಯುಗದ ದಕ್ಷಿಣ ಭಾರತದಲ್ಲಿ ಐಹೊಳೆಯ ಹೆಸರು ಹಬ್ಬಿದ್ದು ಗುಡಿಗಳಿಂದಷ್ಟೇ ಅಲ್ಲ, ವ್ಯಾಪಾರಿಗಳಿಂದಲೂ ಹೌದು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಹರಡಿತ್ತು. ಅವರ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ಮಾತುಗಳು ಬರುತ್ತವೆ. ಗಮನಿಸಬೇಕು: ಅಲ್ಲಿ ಪರದೇಶಿಯೆಂದರೆ ಅನಾಥನಲ್ಲ. ಹೊರನಾಡುಗಳಿಗೆ ಹೋಗಿ ವ್ಯವಹಾರ ಮಾಡತಕ್ಕ ಗೌರವಸ್ಥ ಸೆಟ್ಟಿ. ಅವರಿಗೆ ಬಸವನ ಧ್ವಜವಿತ್ತು. ಹೆಗಲ ಮೇಲೆ ಹಾಕಿಕೊಳ್ಳುವ ಹಸುಂಬೆಯ ಚೀಲ ಅವರ ಗುರುತಾಗಿತ್ತು. ನಮ್ಮ ಹಳ್ಳಿಗಳ ಮುದುಕರು ಮೊನ್ನೆ ಮೊನ್ನೆಯವರೆಗೂ ‘ಹಸಬಿ ಚೀಲ’ ಎಂದು ಹಿಂದೊಂದು ಮುಂದೊಂದು ಜೋತುಬಿಡುತ್ತಿದ್ದ ಜೋಡುಚೀಲಕ್ಕೆ ಆ ಹೆಸರೇ ಉಳಿದು ಬಂದಿದೆ.

ಈ ಐನೂರ್ವರ ಹೆಸರು ಹೇಳುವ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರೂಸ್ ಬಂದರಿನ ಬಳಿ, ಲೋಬು ತುವಾ ಎಂಬಲ್ಲಿ ಸಿಕ್ಕಿದೆ. ಅದರ ಕಾಲ ೧೦೮೮. ನಮ್ಮ ಇಟಗಿಯ ಮಹಾದೇವ ದೇವಾಲಯವನ್ನು ಮಹಾದೇವ ದಂಡನಾಯಕ ಕಟ್ಟಿಸಿದ್ದು ೧೧೧೨ರಲ್ಲಿ. ಅದಕ್ಕೆ ಇನ್ನೂ ೨೪ ವರ್ಷ ಮೊದಲೇ ಸಮುದ್ರದಾಚೆಯ ಕರ್ಪೂರದ ಸೀಮೆಯಲ್ಲಿ ಈ ಸಂಘದವರು ತಮ್ಮ ಕಟ್ಟುಕಟ್ಟಳೆಗಳನ್ನು ಕಲ್ಲಿನ ಮೇಲೆ ಬರೆಸಿದ್ದರು. ಒಬ್ಬೊಬ್ಬನೇ ಹೋಗಿದ್ದರೆ ಇದು ಆಗುತ್ತಿರಲಿಲ್ಲ. ಹೋದವನ ಬೆನ್ನ ಹಿಂದೆ ಸಂಘವಿತ್ತು, ಕಾವಲಿನವರಿದ್ದರು, ಎಲ್ಲರೂ ಒಪ್ಪಿದ ಒಂದು ಕಟ್ಟಳೆಯಿತ್ತು. ಆ ಬೆಂಬಲ ಕರಗಿದ ಮೇಲೆ ಶಬ್ದದ ಮರ್ಯಾದೆಯೂ ಕರಗಿರಬೇಕೆಂದು ನನ್ನ ಊಹೆ. ಊಹೆಯೆಂದೇ ತಾವು ತೆಗೆದುಕೊಳ್ಳಬೇಕು.

ಇನ್ನು ಬಂದವರನ್ನು ಬರಮಾಡಿಕೊಂಡವರ ಕಡೆಯಿಂದ ನೋಡೋಣ. ಅದಕ್ಕೆ ಗಂಗಾವತಿಯ ಆನೆಗೊಂದಿಗಿಂತ ಒಳ್ಳೆಯ ಜಾಗವಿಲ್ಲ. ಹೊಳೆಯ ಈ ದಡಕ್ಕೆ ಆನೆಗೊಂದಿ, ಆ ದಡಕ್ಕೆ ವಿಜಯನಗರ. ವಿಜಯನಗರದ ಅರಸರಿಗೆ ಎಲ್ಲವೂ ಇತ್ತು, ಒಳ್ಳೆಯ ಕುದುರೆಗಳಿರಲಿಲ್ಲ. ನಮ್ಮ ಹವೆಗೆ ಅವು ಚೆನ್ನಾಗಿ ಬಾಳುತ್ತಿರಲಿಲ್ಲ. ಆದುದರಿಂದ ಓರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಕುದುರೆ ಬರಬೇಕಾಗಿತ್ತು, ತಂದವರೆಲ್ಲ ಪರದೇಶಿಗಳು. ಮೊದಲು ಅರಬರು, ೧೫೧೦ರಲ್ಲಿ ಗೋವೆಯನ್ನು ಹಿಡಿದ ಮೇಲೆ ಪೋರ್ಚುಗೀಸರು. ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ೧೫೩೦ರ ದಶಕದಲ್ಲಿ ಕೆಲವು ವರ್ಷ ವಿಜಯನಗರದಲ್ಲಿ ವಾಸವಾಗಿದ್ದು, ಅರಸರ ವೃತ್ತಾಂತವನ್ನು ಬರೆದಿಟ್ಟ. ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದು ೧೯೦೦ರಲ್ಲಿ ಪ್ರಕಟಿಸಿದ. ಇತಿಹಾಸವೆಂದು ನಾವು ಓದುವುದರಲ್ಲಿ ಒಂದು ದೊಡ್ಡ ಪಾಲು ಒಬ್ಬ ವ್ಯಾಪಾರಿಯ ಟಿಪ್ಪಣಿ ಎಂಬುದು ಸೋಜಿಗವಲ್ಲವೇ!

ನೂನಿಜ್ ಹೇಳುವ ಒಂದು ಸಂಗತಿ ನನಗೆ ಬಹಳ ಮೆಚ್ಚುಗೆಯಾದುದು. ಸಾಳುವ ನರಸಿಂಹನು ಸತ್ತ ಕುದುರೆಗೂ ಬದುಕಿದ ಕುದುರೆಗೂ ಒಂದೇ ಬೆಲೆ ಕೊಡುತ್ತಿದ್ದನಂತೆ. ಸಾವಿರ ಪರ್ದಾವಿಗೆ ಮೂರು ಕುದುರೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ಕೊಯ್ದು ತಂದು ತೋರಿಸಿದರೆ ಸಾಕು, ಹಣ ಎಣಿಸಿ ಕೊಡುತ್ತಿದ್ದನಂತೆ. ಇದು ದಾನಬುದ್ಧಿಯಲ್ಲ, ಲೆಕ್ಕಾಚಾರ. ಕಡಲಿನ ಅಪಾಯವನ್ನು ವ್ಯಾಪಾರಿಯ ತಲೆಯ ಮೇಲೆ ಹಾಕಿದರೆ ಆತ ಬರುವುದೇ ಇಲ್ಲ, ಅಥವಾ ಬಹಮನಿಯವರ ಕಡೆಗೆ ಹೋಗುತ್ತಾನೆ. ಕೃಷ್ಣದೇವರಾಯನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದಲ್ಲಿಯೂ ಇದೇ ಬಗೆಯ ರಾಜನೀತಿಯುಂಟು: ಆನೆ ಕುದುರೆಗಳನ್ನು ತರುವ ದೂರದೇಶದ ವರ್ತಕರಿಗೆ ಊರಿನಲ್ಲಿ ಒಳ್ಳೆಯ ಮನೆ ಕೊಡಬೇಕು, ದರ್ಶನ ಕೊಡಬೇಕು, ತಕ್ಕ ಲಾಭ ಬಿಡಬೇಕು, ಇಲ್ಲವಾದರೆ ಆ ಸರಕು ವೈರಿಯ ಪಾಲಾಗುತ್ತದೆ ಎಂಬುದು ಅದರ ತಾತ್ಪರ್ಯ. ಇಲ್ಲಿ ಒಂದು ಮಾತು ನೆನಪಿಡತಕ್ಕದ್ದು. ಪರದೇಶಿಯನ್ನು ಯಾವ ಅರಸನೂ ಅವನ ಮುಖ ನೋಡಿ ಕರೆಯಲಿಲ್ಲ. ತನ್ನಲ್ಲಿ ಇಲ್ಲದ್ದು ಅವನಲ್ಲಿ ಇತ್ತೆಂದು ಕರೆದ. ಇಂದಿನ ಯುರೋಪಿನ ಸರಕಾರಗಳೂ ಈ ವಿಷಯದಲ್ಲಿ ಸಾಳುವ ನರಸಿಂಹನಿಂದ ಹೆಚ್ಚು ದೂರ ಹೋಗಿಲ್ಲ. ಆದರೆ ಬಾಲಕ್ಕೆ ಹಣ ಕೊಡುವ ಪದ್ಧತಿ ಮಾತ್ರ ಅವರಲ್ಲಿ ಇಲ್ಲ.

ಅಷ್ಟು ಹಿಂದಕ್ಕೇಕೆ, ನಮ್ಮ ತಾತಂದಿರ ಕಾಲಕ್ಕೆ ಬನ್ನಿ. ೧೯೪೮ರವರೆಗೆ ನಮ್ಮ ಈ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರು. ಗಂಗಾವತಿ, ಕುಷ್ಟಗಿಗಳು ರಾಯಚೂರು ಜಿಲ್ಲೆಗೆ ಸೇರಿದವು. ಹೊಳೆ ದಾಟಿದರೆ ಹೊಸಪೇಟೆ, ಅದು ಮದರಾಸು ಪ್ರಾಂತ. ಪಶ್ಚಿಮಕ್ಕೆ ಗದಗು, ಅದು ಮುಂಬಯಿ ಪ್ರಾಂತ. ಹೊಸಪೇಟೆಯಿಂದ ಜವಳಿ ತಂದು ಗಂಗಾವತಿಯಲ್ಲಿ ಮಾರುವವನು ನಡುವೆ ಕರೋಡಗಿರಿ ನಾಕೆಯಲ್ಲಿ ಸುಂಕ ಕಟ್ಟಬೇಕಾಗಿತ್ತು. ನಾಣ್ಯವೂ ಬೇರೆ: ನಿಜಾಮರ ಹಾಲಿ ಸಿಕ್ಕಾದ ೭ ರೂಪಾಯಿಗೆ ಬ್ರಿಟಿಷ್ ರೂಪಾಯಿ ೬. ಕಚೇರಿಯ ಭಾಷೆ ಉರ್ದು. ಅರ್ಜಿ ಬರೆಯಿಸಲು ಮುನ್ಷಿಯ ಮನೆಗೆ ಹೋಗಬೇಕು. ಸುಂಕ, ನಾಣ್ಯದ ದರ, ತಿಳಿಯದ ಲಿಪಿಯ ಅರ್ಜಿ, ಈ ಮೂರೂ ನಮ್ಮ ಮನೆತನಗಳಿಗೆ ಗೊತ್ತಿಲ್ಲದ ತೊಂದರೆಗಳೇನಲ್ಲ. ಇಂದು ಬರ್ಲಿನ್ನಿನಲ್ಲಿ ಮೊಮ್ಮಗ ಪಡುವ ಪಾಡನ್ನು ತಾತ ಮುನಿರಾಬಾದಿನ ದಡದಲ್ಲಿ ಒಮ್ಮೆ ಪಟ್ಟವನೇ.

ತುಂಗಭದ್ರೆಗೆ ೧೯೫೩ರಲ್ಲಿ ಅಣೆಕಟ್ಟು ಮುಗಿದ ಮೇಲೆ ಗಂಗಾವತಿಯ ಕಡೆ ಇನ್ನೊಂದು ಬಗೆಯ ವಲಸೆ ನಡೆಯಿತು. ಕರಾವಳಿ ಆಂಧ್ರದ ಬೇಸಾಯಗಾರರು ಬಂದು ಎಡದಂಡೆ ಕಾಲುವೆಯ ಕೆಳಗೆ ಎರೆಹೊಲ ಕೊಂಡು, ಮಟ್ಟಮಾಡಿ, ನೆಲ್ಲು ನಾಟಿ ಮಾಡಿದರು. ಇಂದಿಗೂ ಆ ಊರುಗಳಿಗೆ ‘ಕ್ಯಾಂಪ್’ ಎಂದೇ ಹೆಸರು. ಅವರು ಒಬ್ಬೊಬ್ಬರಾಗಿ ಬರಲಿಲ್ಲ, ಬಂಧುಬಳಗದೊಡನೆ ಬಂದರು. ನಮಗೆ ಆಗ ತಿಳಿಯದಿದ್ದ ಗದ್ದೆಯ ಕೆಲಸ ಅವರಿಗೆ ತಿಳಿದಿತ್ತು. ಕಾಲುವೆಯ ನೀರು ಹರಿದಾಡುವ ಮೊದಲಿನ ಬೆಲೆಗೆ ನೆಲ ದೊರೆಯಿತು. ಮುಂದೆ ಅಕ್ಕಿ ಗಿರಣಿಗಳು ಎದ್ದವು, ಗಂಗಾವತಿಯ ಅಕ್ಕಿ ಊರೂರಿಗೆ ಹೋಯಿತು. ನೆಲ ಮಾರಿದ ನಮ್ಮವರಲ್ಲಿ ಕೆಲವರು ಅದೇ ನೆಲದಲ್ಲಿ ಕೂಲಿಗೆ ನಿಂತದ್ದೂ ಉಂಟು, ಆ ಕಹಿಯನ್ನು ಮುಚ್ಚಿಡಬೇಕಾಗಿಲ್ಲ. ನಾನು ಇದನ್ನು ಎತ್ತಿದ್ದು ಏಕೆಂದರೆ, ಹೊರಗಿನವನು ಬಂದು ಮುಂದಕ್ಕೆ ಬಂದಾಗ ಒಳಗಿನವರಿಗೆ ಏನೆನ್ನಿಸುತ್ತದೆ ಎಂಬುದು ನಮಗೆ ಅನುಭವದಿಂದಲೇ ತಿಳಿದಿದೆ. ನಮ್ಮ ಮಕ್ಕಳು ಹೋದ ಊರಿನ ಜನರಿಗೂ ಹಾಗೆಯೇ ಅನ್ನಿಸಿದರೆ ಅದರಲ್ಲಿ ಅಚ್ಚರಿಪಡತಕ್ಕದ್ದೇನೂ ಇಲ್ಲ.

ಯುರೋಪಿನಲ್ಲಿ ಅಂಗಡಿ ತೆರೆದ ಭಾರತೀಯರಲ್ಲಿ ಹಳಬನೊಬ್ಬನ ಕಥೆಯನ್ನು ಇಲ್ಲಿ ಹೇಳಬೇಕು. ಆತನ ಹೆಸರು ಶೇಖ್ ದೀನ್ ಮಹಮ್ಮದ್. ಪಾಟ್ನಾದಲ್ಲಿ ೧೭೫೯ರಲ್ಲಿ ಹುಟ್ಟಿದವನು. ಕಂಪನಿ ಸರಕಾರದ ಸೈನ್ಯದಲ್ಲಿದ್ದು, ತನ್ನ ಮೇಲಧಿಕಾರಿಯೊಡನೆ ಐರ್ಲೆಂಡಿಗೆ ಹೋಗಿ, ಅಲ್ಲಿಯ ಹೆಣ್ಣನ್ನೇ ಮದುವೆಯಾಗಿ, ೧೭೯೪ರಲ್ಲಿ ಇಂಗ್ಲಿಷಿನಲ್ಲಿ ತನ್ನ ಪ್ರವಾಸದ ಪುಸ್ತಕವನ್ನು ಅಚ್ಚುಹಾಕಿಸಿದ. ೧೮೧೦ರಲ್ಲಿ ಲಂಡನ್ನಿನ ಜಾರ್ಜ್ ಬೀದಿಯಲ್ಲಿ ‘ಹಿಂದೂಸ್ತಾನ್ ಕಾಫಿ ಹೌಸ್’ ಎಂಬ ಊಟದ ಮನೆ ತೆರೆದ. ಬಿದಿರಿನ ಕುರ್ಚಿ, ಹುಕ್ಕಾ, ಮಸಾಲೆಯ ಅಡಿಗೆ. ಭಾರತದಲ್ಲಿ ನೌಕರಿ ಮಾಡಿ ಹಿಂದಿರುಗಿದ ಸಾಹೇಬರು ಬರುವರೆಂದು ಆತನ ಎಣಿಕೆ. ಆದರೆ ಆ ಸಾಹೇಬರ ಮನೆಗಳಲ್ಲಿ ಅಂಥ ಅಡಿಗೆಯವರೇ ಇದ್ದರು! ೧೮೧೨ರಲ್ಲಿ ದೀನ್ ಮಹಮ್ಮದ್ ದಿವಾಳಿಯೆದ್ದ. ಆಗ ಆತನಿಗೆ ೫೩ ವಯಸ್ಸು, ಅಂದರೆ ಹೆಚ್ಚು ಕಡಿಮೆ ನನ್ನ ವಯಸ್ಸು.

ಮುಂದೆ ಆತ ಬ್ರೈಟನ್ ಎಂಬ ಕಡಲತೀರದ ಊರಿಗೆ ಹೋಗಿ, ಮೈ ಒತ್ತಿ ಹಬೆಸ್ನಾನ ಮಾಡಿಸುವ ಮನೆಯನ್ನಿಟ್ಟ. ಹಿಂದಿಯ ‘ಚಾಂಪೋ’, ಅಂದರೆ ಒತ್ತು, ಎಂಬ ಮಾತು ಇಂಗ್ಲಿಷಿಗೆ ಹೋಗಿ ‘ಶಾಂಪೂ’ ಆಯಿತು. ಆ ಮಾತಿಗೆ ಇಂಗ್ಲೆಂಡಿನಲ್ಲಿ ಹೆಸರು ತಂದುಕೊಟ್ಟವರಲ್ಲಿ ಇವನು ಮುಖ್ಯ. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ, ಇಬ್ಬರು ದೊರೆಗಳು ಇವನನ್ನು ತಮ್ಮ ಶಾಂಪೂ ವೈದ್ಯನೆಂದು ನೇಮಿಸಿಕೊಂಡರು. ೧೮೫೧ರಲ್ಲಿ, ತೊಂಬತ್ತು ದಾಟಿದ ಮೇಲೆ ತೀರಿಕೊಂಡ. ಊಟದ ಮನೆ ಏಕೆ ಮುಳುಗಿತು, ಸ್ನಾನದ ಮನೆ ಏಕೆ ತೇಲಿತು ಎಂದು ತಾವು ಕೇಳಬಹುದು. ಊಟ ಗಿರಾಕಿಯ ಮನೆಯಲ್ಲೇ ಸಿಕ್ಕುತ್ತಿತ್ತು; ಆ ಕೈಚಳಕ ಊರಿನಲ್ಲಿ ಮತ್ತೆಲ್ಲಿಯೂ ಸಿಕ್ಕುತ್ತಿರಲಿಲ್ಲ. ಆನೆಗೊಂದಿಯ ಕುದುರೆಯ ಮಾತೇ ಇಲ್ಲಿಯೂ. (ಶಾಂಪೂ ಎಂದಾಗ ನೆನಪಾಯಿತು: ಕೊಪ್ಪಳಕ್ಕೆ ತಗುಲಿದ ಭಾಗ್ಯನಗರದಲ್ಲಿ ಕೂದಲು ಹದಮಾಡಿ ಹೊರದೇಶಕ್ಕೆ ಕಳುಹಿಸುವ ಉದ್ಯೋಗವಿದೆಯಷ್ಟೆ. ಊರು ಬಿಡದೆಯೇ ಪರದೇಶದ ವ್ಯಾಪಾರ ಮಾಡುವ ಜಾಣರು ನಮ್ಮಲ್ಲಿಯೇ ಇದ್ದಾರೆ.)

ಈಗ ಇಂದಿನ ಮಾತಿಗೆ ಬರುತ್ತೇನೆ. ಇದರಲ್ಲಿ ತಾವು ಮೊದಲು ಬೇರ್ಪಡಿಸಿ ತಿಳಿಯಬೇಕಾದ ಸಂಗತಿಗಳು ಎರಡು. ಕಂಪನಿಯನ್ನು ನೋಂದಾಯಿಸುವುದು ಒಂದು. ಆ ದೇಶದಲ್ಲಿ ಇದ್ದು ಅದನ್ನು ನಡೆಸುವ ಹಕ್ಕು ಇನ್ನೊಂದು. ಇವೆರಡಕ್ಕೂ ಕಚೇರಿ ಬೇರೆ, ಕಾನೂನು ಬೇರೆ. ಎಸ್ಟೋನಿಯಾ ಎಂಬ ಪುಟ್ಟ ದೇಶ ೨೦೧೪ರ ಡಿಸೆಂಬರಿನಿಂದ ‘ಇ-ರೆಸಿಡೆನ್ಸಿ’ ಎಂಬ ಗುರುತುಚೀಟಿಯನ್ನು ಹೊರದೇಶದವರಿಗೆ ಕೊಡುತ್ತಿದೆ. ಅದನ್ನು ಪಡೆದವರು ಯಲಬುರ್ಗಾದ ಮನೆಯಲ್ಲೇ ಕುಳಿತು ಅಲ್ಲಿ ಕಂಪನಿ ತೆರೆಯಬಹುದು. ಹೆಸರಿನಲ್ಲಿ ‘ರೆಸಿಡೆನ್ಸಿ’ ಎಂದಿದ್ದರೂ ಅದು ವಾಸದ ಪರವಾನಗಿಯಲ್ಲ, ಪ್ರವೇಶದ ವೀಸಾವೂ ಅಲ್ಲ. ಬ್ರಿಟನ್ನಿನಲ್ಲಿಯೂ ಹಾಗೆಯೇ, ಅಲ್ಲಿಯ ‘ಕಂಪನೀಸ್ ಹೌಸ್’ ಕಚೇರಿಯಲ್ಲಿ ಹೊರದೇಶದವನು ಕಂಪನಿಯನ್ನು ದಾಖಲಿಸಬಹುದು, ಆದರೆ ಅದರಿಂದ ಲಂಡನ್ನಿನಲ್ಲಿ ಒಂದು ದಿನ ಕೆಲಸ ಮಾಡುವ ಹಕ್ಕೂ ಹುಟ್ಟುವುದಿಲ್ಲ.

ಕುಷ್ಟಗಿಯ ಕಡೆಯ ಒಬ್ಬ ತಂದೆ, ನನ್ನ ಹಳೆಯ ವಿದ್ಯಾರ್ಥಿಯ ತಂದೆ, ಒಂದು ದಿನ ಶಾಲೆಗೇ ಬಂದರು. ಕೈಯಲ್ಲಿ ಇಂಗ್ಲಿಷ್ ಕಾಗದವೊಂದು. ಯಾವನೋ ಒಬ್ಬ ಮಧ್ಯಸ್ಥ, ಹುಡುಗನ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಕಂಪನಿ ತೆಗೆದುಕೊಟ್ಟಿದ್ದೇನೆ, ಇನ್ನು ವೀಸಾ ತಾನಾಗಿ ಬರುತ್ತದೆ, ಉಳಿದ ಹಣವನ್ನು ಕೊಡಿ ಎಂದು ಕುಳಿತಿದ್ದ. ತಂದೆಗೆ ಒಳಗೊಳಗೆ ಅನುಮಾನ: ಕಾಗದ ಸುಳ್ಳಿರಬಹುದೇ? ಕಂಪನೀಸ್ ಹೌಸಿನ ದಾಖಲೆಯನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ಬಿಟ್ಟಿಯಾಗಿ ನೋಡಬಹುದು. ನಮ್ಮ ಶಾಲೆಯ ಗಣಿತದ ಮೇಷ್ಟ್ರು ನೋಡಿದರು. ಕಂಪನಿ ಇತ್ತು, ಸಂಖ್ಯೆ ಸರಿಯಾಗಿತ್ತು, ಹುಡುಗನ ಹೆಸರೂ ಇತ್ತು. ಕಾಗದ ನಿಜವೇ. ಅದರಿಂದ ವೀಸಾ ಬರುತ್ತದೆಂಬುದಷ್ಟೇ ಸುಳ್ಳು. ಉಳಿದ ಹಣ ಕೊಡದೆ ಆ ತಂದೆ ಹಿಂದಕ್ಕೆ ಹೋದರು. ಮೊದಲು ಕೊಟ್ಟದ್ದು ಬಂದಿಲ್ಲ, ಬರುವಂತೆಯೂ ಇಲ್ಲ. ಸುಳ್ಳು ಕಾಗದಕ್ಕಿಂತ ಇಂಥ ನಿಜದ ಕಾಗದವೇ ಹೆಚ್ಚು ಮನೆ ಮುರಿಯುತ್ತದೆಂದು ನನಗೆ ತೋರುತ್ತದೆ.

ಹಾಗಾದರೆ ನೆಟ್ಟಗಿನ ದಾರಿ ಯಾವುದು? ಬ್ರಿಟನ್ನಿನಲ್ಲಿ ೨೦೨೩ರ ಏಪ್ರಿಲಿನಿಂದ ‘ಇನ್ನೊವೇಟರ್ ಫೌಂಡರ್’ ಎಂಬ ವೀಸಾ ಇದೆ. ಸರಕಾರ ಒಪ್ಪಿದ ಸಂಸ್ಥೆಯೊಂದು ನಿಮ್ಮ ಯೋಜನೆಯನ್ನು ನೋಡಿ, ಇದು ಹೊಸದು, ನಡೆಯತಕ್ಕದ್ದು, ಬೆಳೆಯತಕ್ಕದ್ದು ಎಂದು ಬರೆದುಕೊಡಬೇಕು. ನಮ್ಮ ಕಡೆಯ ಹುಡುಗ ಮಿರ್ಚಿ ಮಂಡಾಳಿನ ಅಂಗಡಿ ಇಡುತ್ತೇನೆಂದರೆ, ರುಚಿ ಎಷ್ಟೇ ಇರಲಿ, ಅದು ಆ ಮೂರು ಮಾತುಗಳಲ್ಲಿ ಮೊದಲನೆಯದನ್ನೇ ದಾಟುವುದು ಕಷ್ಟ. ನೆದರ್ಲೆಂಡ್ಸಿನಲ್ಲಿ ಅನುಭವಸ್ಥ ಮಾರ್ಗದರ್ಶಕ ಸಂಸ್ಥೆಯೊಂದು ಕೈಹಿಡಿದರೆ ಒಂದು ವರ್ಷದ ಅವಕಾಶ ಕೊಡುತ್ತಾರೆ.

ನಮ್ಮ ಮಕ್ಕಳು ಹೆಚ್ಚಾಗಿ ಹೋಗುತ್ತಿರುವುದು ಜರ್ಮನಿಗಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಅಲ್ಲಿಯ ವಾಸದ ಕಾಯಿದೆಯ ೨೧ನೆಯ ಕಲಮು ಸ್ವಂತ ಉದ್ಯೋಗದ್ದು. ಆ ವ್ಯಾಪಾರದಿಂದ ದೇಶಕ್ಕೋ ಆ ಸೀಮೆಗೋ ಪ್ರಯೋಜನವಿದೆಯೇ, ಆರ್ಥಿಕ ಸ್ಥಿತಿಗೆ ಅದು ಒಳ್ಳೆಯದೇ, ಬಂಡವಾಳ ಕೈಯಲ್ಲಿದೆಯೇ ಅಥವಾ ಬ್ಯಾಂಕು ಕೊಡಲು ಒಪ್ಪಿದೆಯೇ, ಇವನ್ನು ನೋಡುತ್ತಾರೆ. ಸ್ಥಳೀಯ ವಾಣಿಜ್ಯ ಮಂಡಳಿಯಂಥವರ ಅಭಿಪ್ರಾಯ ಕೇಳುತ್ತಾರೆ. ೪೫ ದಾಟಿದವರಾದರೆ ಮುಪ್ಪಿನ ಕಾಲಕ್ಕೆ ಏನು ಏರ್ಪಾಡು ಎಂದೂ ಕೇಳುತ್ತಾರೆ. ಪರದೇಶದ ಮುದುಕನನ್ನು ಸಾಕುವ ಹೊಣೆ ತಮಗೆ ಬರಬಾರದಷ್ಟೆ. ಪರವಾನಗಿ ಹೆಚ್ಚೆಂದರೆ ಮೂರು ವರ್ಷಕ್ಕೆ. ಆ ಹೊತ್ತಿಗೆ ವ್ಯಾಪಾರ ನಿಂತು, ಸಂಸಾರ ನಡೆಯುವಷ್ಟು ಉತ್ಪತ್ತಿ ಇದ್ದರೆ ಕಾಯಂ ವಾಸಕ್ಕೆ ಅವಕಾಶವುಂಟು.

ಇದರಲ್ಲಿ ಒಂದು ಒಳದಾರಿ ಇದೆ, ನ್ಯಾಯವಾದುದೇ. ಜರ್ಮನಿಯ ವಿಶ್ವವಿದ್ಯಾನಿಲಯದಲ್ಲಿಯೇ ಪದವಿ ಪಡೆದವನು, ತಾನು ಕಲಿತ ವಿದ್ಯೆಗೆ ಸಂಬಂಧಿಸಿದ ವ್ಯಾಪಾರ ತೆಗೆಯುವುದಾದರೆ, ಮೇಲಿನ ಕಠಿಣ ಪರೀಕ್ಷೆಗಳಿಂದ ವಿನಾಯಿತಿ ಸಿಕ್ಕಬಹುದು. ಆದರೆ ಓದುತ್ತಿರುವಾಗಲೇ ಸಂಜೆಯ ಹೊತ್ತು ಸ್ವಂತ ವ್ಯಾಪಾರ ಮಾಡುತ್ತೇನೆಂದರೆ ಆಗದು. ವಿದ್ಯಾರ್ಥಿಯ ಪರವಾನಗಿಯಲ್ಲಿ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಊರಿನಿಂದ ‘ಸುಮ್ಮನೆ ಕೂಡೋದಕ್ಕಿಂತ ಏನಾರ ವ್ಯಾಪಾರ ಮಾಡೋ’ ಎಂದು ಹುರಿದುಂಬಿಸುವ ಚಿಕ್ಕಪ್ಪಂದಿರು ಇದನ್ನು ತಿಳಿದಿರಬೇಕು. ಅನುಮತಿಯಿಲ್ಲದೆ ಮಾಡಿದ ನಾಲ್ಕು ಕಾಸಿನ ವ್ಯಾಪಾರ, ಇದ್ದ ಪರವಾನಗಿಗೂ ಕುತ್ತು ತರುತ್ತದೆ.

ಅಲ್ಲಿ ಸೀಮಿತ ಹೊಣೆಯ ಕಂಪನಿಗೆ ‘ಗೇ ಎಂ ಬೇ ಹಾ’ ಎನ್ನುತ್ತಾರೆ. ಅದರ ಮೂಲ ಬಂಡವಾಳ ೨೫,೦೦೦ ಯೂರೋ. ನೋಂದಣಿಗೆ ಮುನ್ನ ಅದರಲ್ಲಿ ಅರ್ಧ ಕಟ್ಟಿರಬೇಕು. ಅಷ್ಟು ಇಲ್ಲದವರಿಗೆಂದು ೨೦೦೮ರಲ್ಲಿ ಚಿಕ್ಕ ತಮ್ಮನಂಥ ಒಂದು ರೂಪವನ್ನು ಮಾಡಿದರು. ಅದನ್ನು ಒಂದು ಯೂರೋದಿಂದಲೂ ಆರಂಭಿಸಬಹುದು; ಆದರೆ ಪ್ರತಿವರ್ಷ ಲಾಭದ ನಾಲ್ಕನೆಯ ಒಂದು ಪಾಲನ್ನು ಮುಟ್ಟದೆ ಕೂಡಿಡುತ್ತ ಹೋಗಬೇಕು. ಕಂಪನಿಯ ಕರಾರುಪತ್ರವನ್ನು ನೋಟರಿಯ ಮುಂದೆ ಮಾಡಬೇಕು, ಮತ್ತು ನೋಟರಿ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಬೇಕು! ಜರ್ಮನ್ ಬಾರದವನಿಗೆ ಅನುವಾದ ಮಾಡಿಸಿ ಹೇಳಬೇಕು. ಸಹಿ ಹಾಕುವವನಿಗೆ ತಾನು ಏನಕ್ಕೆ ಸಹಿ ಹಾಕುತ್ತಿದ್ದೇನೆಂದು ಕಿವಿಯ ಮೇಲಾದರೂ ಬೀಳಲಿ ಎಂಬ ಈ ಪದ್ಧತಿ ನಮ್ಮ ಉಪನೋಂದಣಿ ಕಚೇರಿಗಳಿಗೂ ಬಂದಿದ್ದರೆ ಎಷ್ಟೋ ಹೊಲಗಳು ಉಳಿಯುತ್ತಿದ್ದವು.

ಕೆಲವು ಕಸುಬುಗಳಿಗೆ ಇನ್ನೊಂದು ತಡೆಯುಂಟು. ಕ್ಷೌರದಂಗಡಿ, ಬ್ರೆಡ್ಡಿನ ಭಟ್ಟಿ ಮುಂತಾದ ಕೈಕಸುಬಿನ ಅಂಗಡಿಯನ್ನು ಸ್ವತಂತ್ರವಾಗಿ ನಡೆಸಬೇಕಾದರೆ ‘ಮೈಸ್ಟರ್’ ಎಂಬ ಪರೀಕ್ಷೆಯಾಗಿರಬೇಕು, ಅಥವಾ ಅದಕ್ಕೆ ಸಮನಾದ ಅರ್ಹತೆಯನ್ನು ತೋರಿಸಬೇಕು. ೨೦೦೪ರಲ್ಲಿ ೫೩ ಕಸುಬುಗಳನ್ನು ಈ ಕಟ್ಟಿನಿಂದ ಬಿಟ್ಟಿದ್ದರು. ೨೦೨೦ರಲ್ಲಿ ೧೨ನ್ನು ಮತ್ತೆ ಒಳಗೆ ಸೇರಿಸಿದರು. ಆರೋಗ್ಯ ವಿಮೆ ಕಡ್ಡಾಯ. ನೌಕರನಿಗೆ ಅರ್ಧವನ್ನು ಒಡೆಯ ಕೊಟ್ಟರೆ, ಸ್ವಂತ ವ್ಯಾಪಾರಿ ಪೂರ್ತಿ ತಾನೇ ಕಟ್ಟಬೇಕು. ಭಾನುವಾರ ಅಂಗಡಿಗಳಿಗೆ ಸಾಮಾನ್ಯವಾಗಿ ಬಾಗಿಲು. ಇವೆಲ್ಲ ಸಣ್ಣ ಸಂಗತಿಗಳೆಂದು ಕಂಡರೂ ವರ್ಷದ ಲೆಕ್ಕದಲ್ಲಿ ಸಣ್ಣವಲ್ಲ.

ಇಲ್ಲಿಂದ ಹಣ ಕಳುಹಿಸುವವರು ಬ್ಯಾಂಕಿನ ಮೂಲಕವೇ ಕಳುಹಿಸಬೇಕು. ರಿಸರ್ವ್ ಬ್ಯಾಂಕಿನ ೨೦೦೪ರ ಯೋಜನೆಯಂತೆ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ ೨,೫೦,೦೦೦ ಡಾಲರ್‌ವರೆಗೆ ಕಳುಹಿಸಬಹುದು. ಮಿತಿ ನಮ್ಮಂಥವರಿಗೆ ಬೇಕಾದುದಕ್ಕಿಂತ ದೊಡ್ಡದೇ. ತೊಡಕು ಮಿತಿಯದಲ್ಲ, ‘ಅಷ್ಟು ಕಮಿಷನ್ ಕೊಡಿ, ಅಲ್ಲಿ ಕೈಗೆ ಮುಟ್ಟಿಸುತ್ತೇನೆ’ ಎನ್ನುವವರದು. ಹಾಗೆ ಮುಟ್ಟಿದ ಹಣವನ್ನು ಬಂಡವಾಳವೆಂದು ಯಾವ ಕಚೇರಿಯಲ್ಲಿಯೂ ತೋರಿಸಲಾಗುವುದಿಲ್ಲ.

ಇನ್ನು, ಏನನ್ನು ಮಾರುವುದು? ಅನೇಕ ಹುಡುಗರಿಗೆ ಊರಿನ ಸರಕನ್ನೇ ಒಯ್ಯಬೇಕೆಂಬ ಪ್ರೀತಿಯಿದೆ. ಕಿನ್ನಾಳದ ಗೊಂಬೆಗಳನ್ನೇ ತೆಗೆದುಕೊಳ್ಳೋಣ. ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ, ಬಣ್ಣ ಹಾಕಿ ಚಿತ್ರಗಾರ ಮನೆತನದವರು ಮಾಡುವ ಗರುಡ, ಹನುಮ, ಗಿಳಿಗಳಿಗೆ ಎಲ್ಲಿ ಹೋದರೂ ಬೆಲೆಯಿದೆ. ಆದರೆ ಯುರೋಪಿನ ಸುಂಕದ ಕಟ್ಟೆಯಲ್ಲಿ ಮೊದಲ ಪ್ರಶ್ನೆಯೇ, ಇದು ಆಟಿಕೆಯೋ ಅಲಂಕಾರದ ವಸ್ತುವೋ ಎಂಬುದು. ಹದಿನಾಲ್ಕರ ಒಳಗಿನ ಮಕ್ಕಳು ಆಡುವುದಕ್ಕಾದರೆ ೨೦೦೯ರ ಆಟಿಕೆ ಸುರಕ್ಷತೆಯ ನಿಯಮ ಹತ್ತುತ್ತದೆ. ಬಣ್ಣದಲ್ಲಿ ಸೀಸ ಮೊದಲಾದ ಲೋಹಗಳು ಎಷ್ಟಿವೆ, ತುಂಡು ಮುರಿದು ಮಗುವಿನ ಗಂಟಲಿಗೆ ಸಿಕ್ಕುವುದೇ ಎಂದು ಪರೀಕ್ಷೆಯಾಗಿ ‘ಸಿಇ’ ಗುರುತು ಬೀಳಬೇಕು. ಅಲ್ಲಿ ತರಿಸಿ ಮಾರುವವನ ಹೆಸರು, ವಿಳಾಸ ಸರಕಿನ ಮೇಲಿರಬೇಕು; ಕಾನೂನು ಹಿಡಿಯುವುದು ಕಿನ್ನಾಳದ ಕುಶಲಿಯನ್ನಲ್ಲ, ಅವನನ್ನು. ದೊಡ್ಡವರ ಮನೆಯ ಕಪಾಟಿನ ಅಲಂಕಾರವೆಂದು ಮಾರುವುದಾದರೆ ಆ ನಿಯಮ ಹತ್ತುವುದಿಲ್ಲ. ಆದರೆ ಹೆಸರಿಗೆ ಅಲಂಕಾರವೆಂದು ಬರೆದು ಮಕ್ಕಳ ಅಂಗಡಿಯಲ್ಲಿ ಇಟ್ಟರೆ ಅವರು ಒಪ್ಪುವುದಿಲ್ಲ. ಹಣ್ಣಿನ ವ್ಯಾಪಾರದಲ್ಲಿಯೂ ಇದೇ ಬಿಗಿ. ೨೦೧೦ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮಿಕ್ವಾಟ್ ಎಂಬ ರಾಸಾಯನಿಕದ ಅಂಶ ಹೆಚ್ಚೆಂದು ಯುರೋಪಿನಲ್ಲಿ ತಡೆದರು. ಬೆಳೆದವರಿಗೆ ಬಹಳ ನಷ್ಟವಾಯಿತು. ಕುಷ್ಟಗಿಯ ದಾಳಿಂಬೆಯವರು ಇದನ್ನು ಮರೆಯಬಾರದು.

ಭಾಷೆಯ ಮಾತನ್ನು ನಾನು ಆಡದಿದ್ದರೆ ಯಾರು ಆಡಬೇಕು? ಕ್ಯಾಂಪಿನವರ ಮಕ್ಕಳು ಇಂದು ನಮ್ಮ ಶಾಲೆಗಳಲ್ಲಿ ಕನ್ನಡದಲ್ಲಿ ಓದುತ್ತಾರೆ, ಕೆಲವರು ನಮ್ಮ ಮಕ್ಕಳಿಗಿಂತ ಹೆಚ್ಚು ಅಂಕ ತೆಗೆಯುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಜರ್ಮನಿಯಲ್ಲಿ ಇಂಗ್ಲಿಷಿನಿಂದ ನೌಕರಿ ಮಾಡಿದ ಹಾಗೆ ಇಂಗ್ಲಿಷಿನಿಂದ ವ್ಯಾಪಾರ ಮಾಡಲಾಗದು. ತೆರಿಗೆಯ ಕಚೇರಿಯ ಪತ್ರ ಬರುವುದು ಜರ್ಮನ್‌ನಲ್ಲಿ, ಉತ್ತರಕ್ಕೆ ಗಡುವಿರುವುದೂ ಜರ್ಮನ್‌ನಲ್ಲಿ. ಎರಡು ಮೂರು ವರ್ಷ ನೌಕರಿಯಲ್ಲಿದ್ದು, ಭಾಷೆ ಕಲಿತು, ಗಿರಾಕಿ ಯಾರೆಂದು ಕಂಡುಕೊಂಡು, ಆಮೇಲೆ ಹೊಲದ ಮಾತೆತ್ತು ಎಂದು ಕೇಳಿದವರಿಗೆ ನಾನು ಹೇಳುತ್ತ ಬಂದಿದ್ದೇನೆ. ಕುಷ್ಟಗಿಯ ಆ ಹುಡುಗ ಈಗ ಅಂಥ ನೌಕರಿಯಲ್ಲಿದ್ದಾನೆ. ಹೊಲ ಇನ್ನೂ ತಂದೆಯ ಹೆಸರಿನಲ್ಲಿಯೇ ಇದೆ.

ಕೊನೆಯದಾಗಿ ಹೆಸರಿನ ವಿಷಯ. ಇದು ಮೇಷ್ಟ್ರಾಗಿ ಹೇಳುವ ಮಾತು. ನಮ್ಮ ಕಡೆ ಹುಡುಗನ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು ಮೂರೂ ಇರುತ್ತವೆ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಆಧಾರದಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಬಗೆ. ಪಾಸ್‌ಪೋರ್ಟಿನ ಅಡ್ಡಹೆಸರಿನ ಜಾಗವನ್ನು ಖಾಲಿ ಬಿಟ್ಟವರೂ ಬಹಳ. ಯುರೋಪಿನ ಕಚೇರಿಗಳಲ್ಲಿ ಎಲ್ಲವೂ ಮನೆತನದ ಹೆಸರಿನ ಮೇಲೆ ನಡೆಯುತ್ತದೆ. ಜರ್ಮನಿಯ ವಾಣಿಜ್ಯ ದಾಖಲೆಯಲ್ಲಿ ಕಂಪನಿ ನಡೆಸುವವನ ಹೆಸರೂ ಹುಟ್ಟಿದ ದಿನವೂ ಬರೆದಿರುತ್ತವೆ, ಅದನ್ನು ಯಾರು ಬೇಕಾದರೂ ನೋಡಬಹುದು. ಪದವಿಪತ್ರದ ಹೆಸರು ಒಂದು, ಪಾಸ್‌ಪೋರ್ಟಿನ ಹೆಸರು ಇನ್ನೊಂದಾದರೆ ಬ್ಯಾಂಕಿನ ಖಾತೆಯಿಂದಲೇ ತಕರಾರು ಮೊದಲಾಗುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೆಸರುಗಳ ಪಟ್ಟಿ ಕಳುಹಿಸುವ ಮುನ್ನ ತಿದ್ದಿಸುವುದು ಸುಲಭ. ಅಂಕಪಟ್ಟಿ ಅಚ್ಚಾದ ಮೇಲೆ ಅಲೆದಾಟ. ನಮ್ಮ ಶಾಲೆಯಲ್ಲಿ ಪ್ರತಿವರ್ಷ ಆ ಪಟ್ಟಿಯನ್ನು ಫಲಕದ ಮೇಲೆ ಹಚ್ಚಿ ಪಾಲಕರಿಗೆ ಹೇಳಿ ಕಳುಹಿಸುತ್ತೇವೆ. ಬಂದು ನೋಡಿ ಹೋಗುವವರು ಕೆಲವರೇ.